ಮೂವರು ಜಪಾರೊವಾ

ಬಿಷ್ಕೆಕ್‌ನಲ್ಲಿ ಮಾರ್ಚಿ. ಗ್ರಂಥಾಲಯದ ಹೀಟರು ಕೆಟ್ಟಿದೆ.
ಕೋಟು ಬಿಚ್ಚದೆ ಕೂತು ಎಣಿಸುತ್ತಿದ್ದೇನೆ:
ಭೂಕಂಪ ಸಂಸ್ಥೆಯ ಬುರುಲ್ ಜಪಾರೊವಾ
ಮೂವತ್ತೆಂಟು ವರ್ಷದಲ್ಲಿ ಎಷ್ಟು ಬರೆದರು,
ಬರೆದದ್ದನ್ನು ಎಷ್ಟು ಜನ ನೆನೆದರು.
ಸಚಿವಾಲಯಕ್ಕೆ ಶುಕ್ರವಾರದೊಳಗೆ ಬೇಕಂತೆ.

ಯಂತ್ರ ಹೇಳುತ್ತದೆ, ಇಂಥವರು ಮೂವರಿದ್ದಾರೆ.
ಜಪಾರೊವಾ ಒಬ್ಬಳು, ಝಪಾರೊವಾ ಒಬ್ಬಳು,
ಡ್ಜಪಾರೊವಾ ಇನ್ನೊಬ್ಬಳು.
ನಮ್ಮ ಲಿಪಿಯ ಒಂದೇ ಒಂದು ಅಕ್ಷರ
ಗಡಿ ದಾಟುವಾಗ ಮೂರು ವೇಷ ಹಾಕಿದೆ.
ಮೊದಲಿನವಳದು ಇಪ್ಪತ್ತು ಲೇಖನ, ಎರಡನೆಯವಳದು ಒಂಬತ್ತು,
ಮೂರನೆಯವಳು ಒಂದೇ ಒಂದು ಬರೆದು ಬಾಯಿ ಮುಚ್ಚಿಕೊಂಡವಳು.
ಮೊದಲಿಬ್ಬರು ಒಬ್ಬರನ್ನೊಬ್ಬರು ಮೇಲಿಂದ ಮೇಲೆ ಉಲ್ಲೇಖಿಸಿದ್ದಾರೆ.
ಅದನ್ನು ಯಂತ್ರ ಸ್ನೇಹ ಅಂದುಕೊಂಡಿದೆ.

ಫೋನು ಮಾಡಿದೆ. "ಎಜೆ, ಸೇರಿಸಲೇ?"
"ಸೇರಿಸಿದರೆ ಏನಾಗುತ್ತದೆ?"
"ಸೂಚ್ಯಂಕ ಆರು ಇದ್ದದ್ದು ಒಂಬತ್ತಾಗುತ್ತದೆ.
ನಿಮ್ಮನ್ನು ನೀವೇ ನೆನೆದದ್ದು ಕಳೆದರೆ, ಏಳು."
ಆ ಕಡೆ ಚಮಚ ಬಟ್ಟಲಿಗೆ ತಗುಲುವ ಸದ್ದು.

ಉಲ್ಲೇಖವೆಂದರೆ ಮುಯ್ಯಿ. ಮದುವೆಮನೆಯ ಪುಸ್ತಕದಲ್ಲಿ
ಯಾರು ಎಷ್ಟು ಹಾಕಿದರೆಂದು ಬರೆದಿಟ್ಟುಕೊಂಡು
ಅವರ ಮನೆಯಲ್ಲಿ ಕಾರ್ಯವಾದಾಗ ಅಷ್ಟನ್ನೇ ಹಾಕುವುದು.
ಇಷ್ಟು ವರ್ಷ ಕಪಾಟು ಕಾದ ನನಗೆ
ಲೇಖನದ ಬಾಲ ನೋಡಿದರೆ ಸಾಕು,
ಯಾರು ಯಾರಿಗೆ ಬೀಗರು ಅಂತ ತಿಳಿದುಹೋಗುತ್ತದೆ.
ಬುರುಲ್ ಎಜೆ ಯಾರ ಚಪ್ಪರಕ್ಕೂ ಹೋದವರಲ್ಲ.

ಅತಿ ಹೆಚ್ಚು ಎಣಿಕೆ ತೊಂಬತ್ತೇಳರದಕ್ಕೆ. ಆರುನೂರ ಹನ್ನೆರಡು.
ಇಪ್ಪತ್ತಮೂರು ಹೆಸರು, ಇವರದು ಹದಿನೇಳನೆಯದು.
ಮೊದಲ ಹೆಸರಿನವನು ಆ ಕಣಿವೆಯನ್ನು
ಹೆಲಿಕಾಪ್ಟರಿನಿಂದ ಒಮ್ಮೆ ನೋಡಿದ್ದ.
ಹುಡುಕಿ ಹುಡುಕಿ ಇವರದ್ದೆನ್ನಬಹುದಾದ ಒಂದು ವಾಕ್ಯ ಸಿಕ್ಕಿತು:
ಉಪಕರಣಗಳನ್ನು ನಿಯಮಿತವಾಗಿ ನೋಡಿಕೊಳ್ಳಲಾಯಿತು.
ನೋಡಿಕೊಳ್ಳಲಾಯಿತು.
ಕರ್ತೃವಿಲ್ಲದ ಆ ಕ್ರಿಯಾಪದದೊಳಗೆ
ಒಂದು ಕುಂಟು ಕುದುರೆ, ಎರಡು ಲಾರಿ ಬ್ಯಾಟರಿ,
ತೊಡೆಮಟ್ಟ ಹಿಮ, ನಾಲ್ಕು ಚಳಿಗಾಲ,
ತಂತಿ ಕಡಿಯುವ ಇಲಿ,
ತಂತಿ ಕದಿಯುವ ಕುರಿಗಾಹಿಗೆ
ಕದಿಯದಿರಲೆಂದು ಪ್ರತಿ ಸಲ ಒಯ್ದ ಚಹಾಪುಡಿ.

ಮೂರನೆಯವಳದ್ದು ಎಂಟು ಪುಟ.
ನರಿನ್ ಕಡೆಯ ಆರು ಬಾವಿ, ಹನ್ನೊಂದು ವರ್ಷ,
ದಿನಾ ಬೆಳಿಗ್ಗೆ ಹಗ್ಗ ಇಳಿಬಿಟ್ಟು ಅಳತೆ.
ನೆಲ ನಡುಗುವ ಮುನ್ನ ನೀರು ಏರುತ್ತದೆಂದು
ಆ ಊರ ಮುದುಕರ ಮಾತು. ಎಜೆಯ ತಾಯಿಯ ಮಾತೂ ಅದೇ.
ಕೊನೆಯ ಸಾಲು: ಯಾವ ಸಂಬಂಧವೂ ಕಂಡುಬರಲಿಲ್ಲ.
ಉಲ್ಲೇಖ, ಸೊನ್ನೆ.
ಇಲ್ಲ ಎಂದವಳನ್ನು ಯಾರು ಕರೆಯುತ್ತಾರೆ?
ಹೌದು ಎಂದುಬಿಟ್ಟಿದ್ದರೆ
ಸುಳ್ಳೆಂದು ತೋರಿಸಲಿಕ್ಕಾದರೂ ನೂರು ಜನ ಕರೆಯುತ್ತಿದ್ದರು.

ಹೋದ ವಾರ ಅಲ್ಮಾಟಿಯಿಂದ ಅಲ್ದಿಯಾರ್ ಎಂಬ ಹುಡುಗ ಬಂದಿದ್ದ.
ಹೊಸ ಅನುದಾನ, ಹೊಸ ಸಂವೇದಕ,
ಅದೇ ಆರು ಬಾವಿ.
ಆ ಸಂಚಿಕೆಯನ್ನು ಧೂಳು ಕೊಡವಿ ಕೈಗಿಟ್ಟೆ.
ನಿಂತೇ ಓದಿದ. ಕಿವಿ ಕೆಂಪಾಯಿತು.
"ಇದನ್ನು ಬೇರೆ ಯಾರಾದರೂ ನೋಡಿದ್ದಾರೆಯೆ?" ಅಂದ.
ಸೊನ್ನೆ ತೋರಿಸಿದೆ.
ಅವನು ಬಿಟ್ಟ ಉಸಿರು ನಿರಾಸೆಯದೋ ನಿರಾಳದ್ದೋ,
ನಾನು ಬಲ್ಲವನಲ್ಲ.
ನೆರಳಚ್ಚು ಕೇಳಲಿಲ್ಲ. ಥ್ಯಾಂಕ್ಸ್ ಹೇಳಿ ಹೋದ.

ಇದನ್ನೂ ಫೋನಿನಲ್ಲಿ ಹೇಳಿದೆ.
ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ.
"ನಾಲ್ಕನೆಯ ಬಾವಿಯ ಕಟ್ಟೆ ಜಾರುತ್ತದೆ, ಹುಷಾರು ಅನ್ನು" ಎಂದರು.
ಆಮೇಲೆ, "ಇಬ್ಬರನ್ನು ಸೇರಿಸು. ಆ ಮೂರನೆಯವಳನ್ನು ಬಿಡು.
ಅವಳಿಗೆ ಕೆಲಸವಿದೆ."

ಏಳು ಅಂತ ತುಂಬಿ ಕಳಿಸಿದೆ.
ಹೆಸರಿನ ಮುಂದೆ ಒಂದು ಅಕ್ಷರ ಹೆಚ್ಚು ಹೊತ್ತ ಆ ಹೆಂಗಸು
ಬೆಳಗಿನ ಚಳಿಯಲ್ಲಿ ಬಾಗಿ ನಿಂತಿರಬೇಕು ಈಗಲೂ
ದುಂಡನೆ ಕಪ್ಪು ಸೊನ್ನೆಯೊಂದರ ಅಂಚಿಗೆ,
ಹಗ್ಗದ ಒದ್ದೆ ಎಲ್ಲಿಯವರೆಗೆ ಬಂತೋ
ಅಷ್ಟನ್ನೇ ಬರೆದುಕೊಳ್ಳುತ್ತ.