ಪಾಳಿ ನಿಂದಲ್ಲ

ನಮ್ಮ ಕಡೆ ಅದಕ್ಕ ಬುದ್ಧಿಬಳ ಅಂತಾರ.
ಹೆಸರಿಟ್ಟಾಂವ ಯಾರೋ,
ತುಳಜಣಸಾ ಬಾಕಳೆನ್ನ ನೋಡಿರಲಿಕ್ಕಿಲ್ಲ.

ದಿಲ್ಲಿಯೊಳಗ ಗೆದ್ದು ಬಂದ ದಿನ
ಗದಗ ಸ್ಟೇಶನ್ನಿನ್ಯಾಗ ಬ್ಯಾಂಡಿನವರು
ಬ್ಯಾರೆ ಹಾಡ ಬರದ ಮದವಿ ಹಾಡನ್ನೇ ಬಾರಿಸಿದರು.
ಹ್ಯಾಂಡಬಿಲ್ಲಿಗೆ ಮೊಳಿ ಜೋಡಿಸಿದಾಂವ ನಾನು.
‘ದೇಶಕ್ಕ ಮೊದಲಿಗ ನಮ್ಮ ಗದಗದಾಂವ’ —
ದೊಡ್ಡ ಅಕ್ಷರದ ಗ ಎರಡೇ ಇದ್ದವು;
ಮೂರನೇದನ್ನ ಮಗ್ಗಲ ಪ್ರೆಸ್ಸಿನಿಂದ ಕಡಾ ತಂದೆ.

ಆಗ ಅಂವ ಹನ್ನೆರಡು ಪಟಗಳಿಗೆ ಬೆನ್ನು ಕೊಟ್ಟು
ಗ್ವಾಡಿ ನೋಡಕೋತ ಶೇಂಗಾ ಸುಲಿತಿದ್ದ.
ಕಾಳು ಒಂದ ಕಡೆ, ಸಿಪ್ಪಿ ಒಂದ ಕಡೆ.
‘ಏಳನೇದರಾಗ ಕುದುರಿ ಹೊಡಿ.
ಒಂಬತ್ತನೇದಾಂವಾ, ನೀ ಇನ್ನ ಮನಿಗಿ ಹೋಗಪಾ.’
ಹನ್ನೆರಡು ಮಂದಿ ಸೋತು ಎದ್ದರೂ
ಶೇಂಗಾ ಮುಗದಿರತಿರಲಿಲ್ಲ.

ಯಾವಾಗ ಸುರು ಆತೋ.
ಬೆಟಗೇರಿ ಓಣ್ಯಾಗ ಒಂದಿನ ನನ್ನ ತೋಳ ಹಿಡದು
‘ಮಗ್ಗ ಕೇಳಿದೇನು? ನನ್ನ ನಡೆ ಅವರಿಗೆ ಹೇಳಾಕತ್ತಾವ.
ಖಟ್ ಖಟ್ ಅಂದ್ರ ಎರಡು ಮನಿ ಮುಂದ,
ಲಾಳಿ ಸರದ್ರ ಒಂಟಿ’ ಅಂದ.
ನಾ ನಕ್ಕೆ.
ಆ ನಗುವನ್ನ ಈಗ ಎಲ್ಲಿಡಲಿ?
ನೇಕಾರ ಯಂಕೋಬ ಮಾತ್ರ ನಗಲಿಲ್ಲ;
ಮಧ್ಯಾಹ್ನ ಎರಡು ತಾಸು ಮಗ್ಗ ನಿಲ್ಲಸತಿದ್ದ,
ಅವಂಗ ಒಂದೀಟು ನಿದ್ದಿ ಹತ್ತಲಿ ಅಂತ.
ಆ ವರ್ಷ ಯಂಕೋಬನ ಸೀರಿ ಕಡಿಮಿ ಬಿದ್ದವು.

ಮುಂದ ದಿನಾ ಪ್ರೆಸ್ಸಿಗೆ ಬರೂದು.
ಆಟ ಬರಿಯೂ ಹಾಳಿ ಬೇಕು, ತಿಂಗಳಿಗೆ ಎರಡನೂರು.
ರೊಕ್ಕ ಹಿಂದಿಂದ ಬಂದು ಕೊಡಾಕಿ ಅವರಕ್ಕ, ಅಂಬೂಬಾಯಿ.
ತುಂಬಿದ ಹಾಳಿ ಅಚ್ಚು ಹಾಕಸಾಕ ತರಾಂವ.
ಮೊದಮೊದಲ ಆಟ ಸರೀನ ಇದ್ದವು.
ಆಮ್ಯಾಲೆ ಅರವತ್ನಾಲ್ಕು ಮನಿ ಸಾಲದಾದವು:

ಕುದುರಿ — ಮುಳಗುಂದ ನಾಕಾ.
ಆನಿ — ಟಾಂಗಾ ಕೂಟ, ಬಿಸಿಲಾಗ ನಿಂತೈತಿ, ನೀರು ಕೊಡ್ರಿ.
ಪ್ಯಾದಿ — ಭೀಷ್ಮ ಕೆರಿ. ಈಜು ಬರೂದಿಲ್ಲ.
ವಜೀರ — ಎಲ್ಲಿ?
ಎಲ್ಲಿ, ಎಲ್ಲಿ, ಮುಂದಿನ ನಾಕು ಹಾಳಿ ತುಂಬ.

ನಾ ತಪ್ಪು ತಿದ್ದೂ ಮನಶ್ಯಾ.
ನಲವತ್ತು ವರ್ಷ ತಿರುಗುಮುರುಗು ಅಕ್ಷರ ಓದಿದಾಂವ.
ಆ ಹಾಳಿಗೆ ಎಲ್ಲಿ ಪೆನ್ಸಿಲ್ ಹಚ್ಚಬೇಕೋ ತಿಳೀಲಿಲ್ಲ.

ಅಂಬೂಬಾಯಿಗೆ ಆನಿ ಯಾವದು ಒಂಟಿ ಯಾವದು ಗೊತ್ತಿಲ್ಲ.
ಆದರ ಸಂಜಿಮುಂದ ಅಂವ ಚಪ್ಪಲಿ ಹುಡುಕಿದರ
‘ಕೂಡೋ, ಪಾಳಿ ನಿಂದಲ್ಲ,
ಎದುರಿನಾಂವ ಇನ್ನೂ ವಿಚಾರ ಮಾಡಾಕತ್ತಾನ’ ಅಂತಾಳ.
ಕೂಡತಾನ. ಎರಡು ರೊಟ್ಟಿ ತಿಂತಾನ.
ಎದುರಿನಾಂವ ಇಡೀ ರಾತ್ರಿ ವಿಚಾರ ಮಾಡತಾನ.

ಹೋದ ತಿಂಗಳ ಕ್ಲಬ್ಬಿಗೆ ಕರಕೊಂಡು ಹೋದ್ವಿ.
ಎರಡು ಜಡಿ ಹಾಕಿದ ಒಂದು ಸಣ್ಣ ಹುಡುಗಿ ಎದುರು ಕೂತಳು.
ಹನ್ನೊಂದು ನಡೆ. ತಲಿ ಮರತದ್ದನ್ನ
ಅವನ ಕೈ ಎಲ್ಲೋ ಮುಚ್ಚಿಟ್ಟಿತ್ತು;
ನಿಂತವರು ಯಾರೂ ಉಸರ ಬಿಡಲಿಲ್ಲ.
ಹನ್ನೆರಡನೇದಕ್ಕ ತನ್ನ ಬಿಳೇ ರಾಜನ್ನ ಎತ್ತಿ
ಧೂಳ ಊದಿ, ಅಂಗಿ ಕಿಸೇಕ ಹಾಕ್ಕೊಂಡ.
‘ಕತ್ತಲಾತು. ಇವನ ಮನ್ಯಾಗ ಕಾಯತಿರತಾರ.’
ಹುಡುಗಿ ಖಾಲಿ ಮನಿ ನೋಡಿದಳು, ನನ್ನ ನೋಡಿದಳು:
‘ಅಜ್ಜಾ, ಇನ್ನ ಶಹಾ ಯಾರಿಗೆ ಕೊಡಲಿ?’

ಆ ಪಟದಾಗ ಈಗ ರಾಜನ ಜಾಗಾಕ್ಕ
ದೊಡ್ಡ ಅಕ್ಷರದ ಒಂದು ಗ ನಿಂತೈತಿ,
ಸೀಸದ್ದು, ಕಡಾ ತಂದದ್ದು.
ಕೊಟ್ಟ ಪ್ರೆಸ್ಸು ಮುಚ್ಚಿ ಎಷ್ಟೋ ವರ್ಷಾತು.

ರಾಜ ಅವನ ಕಿಸೇದಾಗ ಅದಾನ.
ಅಂಗಿ ಒಗಿಯೂಮುಂದ ಅಂಬೂಬಾಯಿ
ತಗದು ಕಟ್ಟಿ ಮ್ಯಾಲ ಇಡತಾಳ;
ಒಣಗಿದ ಮ್ಯಾಲ, ಮಡಚೂಕಿಂತ ಮೊದಲು,
ಮತ್ತ ಅದ ಕಿಸೇಕ.