ಬಿರಡೆ ಕಾರ್ಖಾನೆಯ ಪತ್ರ ವಿಭಾಗ

ಹತ್ತೊಂಬತ್ತು ನನಗಾಗ. ಅರವತ್ತೆಂಟರ ಜೂನ್.
ಪೋರ್ಚುಗಲ್ಲಿನ ಕೊರೂಶ್, ಬಿರಡೆ ಕಾರ್ಖಾನೆ,
ಮಹಡಿ ಮೇಲಿನ ಪತ್ರ ವಿಭಾಗ:
ಎರಡು ಟೈಪ್‌ರೈಟರು, ಒಂದು ಕಿಟಕಿ,
ದೋನಾ ಲಿಯೊಕಾದಿಯ.
ಕೆಳಗೆ ತೊಗಟೆ ಬೇಯುವ ಹಂಡೆಗಳ ಹಬೆಗೆ
ನಮ್ಮ ಕಾರ್ಬನ್ ಕಾಗದ ಮೆತ್ತಗಾಗುತ್ತಿತ್ತು.

ಮೊದಲ ವಾರವೇ ಫ್ರಾನ್ಸಿನಿಂದ ದೂರು:
ನೀವು ಕಳಿಸಿದ್ದರಲ್ಲಿ ಆರು ಸಾವಿರ ಬಿರಡೆಗೆ ಬೂಷ್ಟಿನ ವಾಸನೆ.
ವೈನು ಕುಡಿದವರು ಮುಖ ಕಿವುಚಿದ್ದಾರೆ.
ಏನು ಹೇಳುತ್ತೀರಿ?
ಅಷ್ಟೇ. ಕೆಳಗೆ ಸಹಿ, ಮದಾಮ್ ಮುನಿಯೆ.

ಉತ್ತರ ಬರಿ ಅಂದರು. ಬರೆದೆ, ಮೂರು ಪುಟ.
ಉಭಯಕುಶಲೋಪರಿಗೆ ಒಂದು,
ಸಂಸ್ಥೆಯ ಸತ್ಕೀರ್ತಿಗೆ ಒಂದು,
ಮೂರನೆಯದರಲ್ಲಿ
‘ಅನಿರೀಕ್ಷಿತ ಸಂದರ್ಭಗಳ ದೆಸೆಯಿಂದ
ಉಂಟಾಗಿರಬಹುದಾದ ಅನಾನುಕೂಲತೆಯು
ನಮ್ಮ ಗಮನಕ್ಕೆ ತರಲ್ಪಟ್ಟು...’
ಆ ಸಾಲಿನ ಮೇಲೆ ನನಗೆಷ್ಟು ಹೆಮ್ಮೆಯೆಂದರೆ
ರಾತ್ರಿ ಅಮ್ಮನಿಗೆ ಓದಿ ಹೇಳಿದ್ದೆ.
‘ಪಾದ್ರಿಗಳ ಹಾಗಿದೆ’ ಅಂದಳು, ಪಾಪ, ಮೆಚ್ಚಿಯೇ.

ದೋನಾ ಲಿಯೊಕಾದಿಯ ಓದಿ ಕನ್ನಡಕ ತೆಗೆದಳು.
‘ಒಕ್ಕಣೆ ಚೆಂದವಿದೆ. ಯಾರು?’
‘ಏನು ಯಾರು?’
‘ಉಂಟಾಯಿತು, ತರಲ್ಪಟ್ಟಿತು. ಯಾರಿಂದ?
ಮೂರು ಪುಟದಲ್ಲಿ ಒಬ್ಬ ಮನುಷ್ಯನೂ ಇಲ್ಲವಲ್ಲೋ.
ಹಬೆಯೇ ಬಿರಡೆ ಕೊರೆಯಿತೆ?’

ಊಟವಾದ ಮೇಲೆ ಖಾಲಿ ಲಾರಿ ಹತ್ತಿಸಿ
ನನ್ನನ್ನು ಕಾಡಿಗೆ ಕಳಿಸಿದಳು. ಯಾಕೆಂದು ಹೇಳಲಿಲ್ಲ.

ಸುಲಿಯುವ ಕಾಲ. ಒಂದು ಮರಕ್ಕೆ ಇಬ್ಬರು.
ಕೊಡಲಿಬಾಯಿ ತೊಗಟೆಯಲ್ಲಿ ಇಳಿದು
ಒಳಗಿನ ತೊಗಲಿಗೆ ತಾಕದೆ ನಿಲ್ಲುತ್ತಿತ್ತು.
ಹಿಡಿ ತಿರುವಿದರೆ ಕರ್ರೆಂದು
ಕದದಷ್ಟು ಅಗಲದ ಹಲಗೆ ಕಳಚುತ್ತಿತ್ತು,
ಒಳಗೆ ಮರ ಕೆಂಪಗೆ, ಆಗತಾನೆ ಮೀಯಿಸಿದ ಕೂಸು.
‘ಹೆಚ್ಚಾದರೆ ಮರ ಸಾಯುತ್ತೆ,
ಕಮ್ಮಿಯಾದರೆ ತೊಗಟೆ ಬಿಡೋದಿಲ್ಲ,’
ಬೆಲ್ಮಿರು ಮುದುಕ ಬೆವರೊರೆಸಿಕೊಂಡ.
ಹಿಂದೆಯೇ ಬಣ್ಣದ ಡಬ್ಬಿಯ ಹುಡುಗಿ,
ಕಾಂಡ ಕಾಂಡಕ್ಕೂ ಬಿಳಿಯಲ್ಲಿ ಒಂದೇ ಅಂಕಿ: ಎಂಟು.
ಈ ವರ್ಷ ಸುಲಿದಿದೆ, ಇನ್ನೊಂಬತ್ತು ವರ್ಷ ಮುಟ್ಟಬೇಡಿ.
ಅಕ್ಷರ ಬಾರದ ಬೆಲ್ಮಿರುವಿಗೂ ಅದು ಓದಲು ಬರುತ್ತಿತ್ತು.

ಸಂಜೆ ಮಹಡಿ ಹತ್ತಲಿಲ್ಲ. ಅಂಗಳದಲ್ಲಿ ಕೇಳುತ್ತ ಹೋದೆ: ಯಾರು?
ಒಬ್ಬ ಇನ್ನೊಬ್ಬನ ಕಡೆ ಕೈ ತೋರಿದ, ಅವನು ನೆಲದ ಕಡೆ.
ನವೆಂಬರಿನಲ್ಲಿ, ಮಳೆಯಲ್ಲಿ, ಅಡಿಗೆ ಮಣೆ ಹಾಕದೆ
ಕೆಸರಿನ ಮೇಲೇ ಒಟ್ಟಿದ್ದರು.
‘ಇರಲಿ ಬಿಡು’ ಅಂದದ್ದು ಧಣಿ, ಸೆನ್ಯೋರ್ ಅಬೀಲಿಯು.

ಮರುದಿನ ಟೈಪು ಮಾಡಿದೆ:

ಮದಾಮ್,
ವಾಸನೆ ನಿಜ. ನಾವೂ ನೆನೆಸಿ ಮೂಸಿದೆವು.
ಮಳೆಯಲ್ಲಿ ತೊಗಟೆಯನ್ನು ಬರಿನೆಲದ ಮೇಲಿಟ್ಟೆವು. ತಪ್ಪು ನಮ್ಮದು.
ಆರು ಸಾವಿರ ಹೊಸ ಬಿರಡೆ ಜುಲೈ ಹನ್ನೆರಡಕ್ಕೆ ರೈಲು ಹತ್ತುತ್ತವೆ, ಸಾಗಣೆ ನಮ್ಮ ಖರ್ಚು.
ಕೆಟ್ಟ ವೈನಿನ ಲೆಕ್ಕ ಕಳಿಸಿ.

ಅವಳು ಒಂದು ಅಲ್ಪವಿರಾಮ ತೆಗೆದಳು. ಅದೇ ಹೊಗಳಿಕೆ.
ಧಣಿ ‘ತಪ್ಪು ನಮ್ಮದು’ ಎಂಬಲ್ಲಿ ಬಹಳ ಹೊತ್ತು ನಿಂತ,
ಉಗುಳು ನುಂಗಿ ದಾಟಿದ.
ಕೊನೆಯ ಸಾಲನ್ನು ಮಾತ್ರ ಹೊಡೆದುಹಾಕಿದ.
‘ಬಾವಿ ತೋರಿಸಿದ ಮೇಲೆ ಹಗ್ಗವನ್ನೂ ಕೊಡಬೇಕೆ?’
ಮೂರೇ ಸಾಲು ಹೋಯಿತು.

ಆಗಸ್ಟಿನಲ್ಲಿ ಅವಳ ಕಾರ್ಡು:
‘ಬಿರಡೆ ತಲುಪಿತು, ಚೆನ್ನಾಗಿದೆ.
ವೈನಿನ ಮಾತು ನೀವೆತ್ತಿಲ್ಲ. ಓದಿಕೊಂಡೆ.’
ಆ ವರ್ಷ ಅವಳ ಆರ್ಡರು ಅರ್ಧ.

ದೋನಾ ಲಿಯೊಕಾದಿಯ ಕಾರ್ಡನ್ನು ಎರಡು ಸಲ ಓದಿ
ಧಣಿಯ ಮೇಜಿಗೆ ಕಳಿಸಿ
ನನ್ನತ್ತ ತಿರುಗಿದಳು:
‘ಹಾಳೆ ಏರಿಸು.’