ಎರಡು ಕಬ್ಬಿಣ

ಬೇಲೇಕೇರಿಯಿಂದ ಬಸ್ಸಿನಲ್ಲಿ ಬಂತು
ಉಪ್ಪಿನಕಾಯಿಯ ಹಳೇ ಭರಣಿ, ಒಳಗೆ ಫಾರ್ಮಲಿನ್ನು,
ಫಾರ್ಮಲಿನ್ನಿನೊಳಗೆ ತಾಡಪತ್ರಿಯ ಶ್ವಾಸಕೋಶದ ತುಂಡು.
ಅದಿರು ಲಾರಿಯ ತಾಡಪತ್ರಿಯಡಿ ಸಿಕ್ಕ ನಾಯಿಮರಿಗೆ
ಬೀರ ಗೌಡರಿಟ್ಟ ಹೆಸರು ಅದು.
ಕಂಡಕ್ಟರನಿಗೆ ಹೇಳಿದ್ದರಂತೆ: ಔಷಧಿ, ಅಲುಗಿಸಬೇಡ.

ಕಾರವಾರದಲ್ಲಿ ಕರೆಂಟು ಹೋಗಿ ಬರುವ ಮಧ್ಯಾಹ್ನ.
ಮೇಣದಲ್ಲಿ ಹೂತು ಮೇಣದ ಸಮೇತ ಕೊಯ್ದೆ;
ಈರುಳ್ಳಿಯ ಒಳಪೊರೆಗಿಂತ ತೆಳುವಾದ ಹಾಳೆ
ಬಿಸಿನೀರ ಮೇಲೆ ತೇಲಿ ಸುಕ್ಕು ಬಿಡಿಸಿಕೊಂಡಿತು.

ಗಾಳಿಯ ಕೋಣೆಗಳು, ಬಲೆಯ ಕಣ್ಣುಗಳ ಹಾಗೆ.
ಕಣ್ಣುಕಣ್ಣಿಗೂ ಕೂತಿವೆ ಧೂಳುಕೋಶಗಳು,
ದುಂಡಗೆ, ಹೊಟ್ಟೆ ತುಂಬ ಕಂದು.
ಕಾಲೇಜಿನಲ್ಲಿ ಈ ಪಾಠ ನನಗೆ ಕಬ್ಬಿಣದ ಕಡಲೆ.
ಈಗ ಲೆನ್ಸಿನಡಿ ನಿಜಕ್ಕೂ ಅದೇ,
ಕಡಲೆ, ಕಬ್ಬಿಣದ್ದು,
ಒಂದೊಂದು ಕೋಶದ ದವಡೆಯಿಲ್ಲದ ಬಾಯಲ್ಲಿ.
ಕೆಲವು ಕಫದ ಜೊತೆ ಹತ್ತಿ ಹೊರಬಿದ್ದಿರಬೇಕು.
ಉಳಿದವು ಇವು. ಒಂದು ಸತ್ತರೆ ಪಕ್ಕದ್ದು ಬಂದು
ಹೆಣವನ್ನೂ ನುಂಗಿ, ಹೆಣದ ಗಂಟನ್ನೂ ನುಂಗಿ
ಅದೇ ಜಾಗದಲ್ಲಿ ಕೂರುತ್ತದೆ.
ಪಾಳಿ ಬದಲಾಗುತ್ತದೆ, ಸರಕು ಬದಲಾಗುವುದಿಲ್ಲ.

ಆದರೆ ಕಂದು ಅಂದರೆ ಯಾವ ಕಂದು?
ಹೃದಯ ಸೋತಾಗಲೂ ನೆತ್ತರು ಹಿಂದಕ್ಕೊತ್ತಿ
ಇದೇ ಕೋಣೆಗಳಿಗೆ ಸೋರುತ್ತದೆ,
ಇದೇ ಕೋಶಗಳು ಅದನ್ನೂ ತಿಂದು ಕಂದಾಗುತ್ತವೆ.
ಮೈಯೊಳಗಿನ ಕಬ್ಬಿಣವೋ, ಬಳ್ಳಾರಿಯ ಗುಡ್ಡದ್ದೋ
ಬರೀ ನೋಡಿ ಹೇಳಲಾಗದು.

ಒಂದಿಷ್ಟು ಆಮ್ಲ, ಒಂದಿಷ್ಟು ಹಳದಿ ಉಪ್ಪು.
ಇಪ್ಪತ್ತು ನಿಮಿಷ. ಅಷ್ಟರಲ್ಲಿ ಬೈತಖೋಲಿನಲ್ಲಿ
ಎರಡು ದೋಣಿ ಐಸು ತುಂಬಿಸಿಕೊಂಡು ಹೊರಟವು.
ತಿರುಗಿ ನೋಡಿದರೆ ನೀಲಿ!
ಮಳೆಗಾಲ ಮುಗಿದ ಮೇಲಿನ ಕಡಲ ನೀಲಿ,
ಕೋಶಕ್ಕೆ ಕೋಶವೇ ನೀಲಿ: ನೆತ್ತರು, ಅದರದೇ ನೆತ್ತರು.
ನಡುನಡುವೆ ಬಣ್ಣಕ್ಕೆ ಬಗ್ಗದ ಹರಳುಗಳು,
ಕೆಂಪುಗಪ್ಪು, ಮೂಲೆ ಚೂಪು. ಅದಿರು.
ಕೆಲವಕ್ಕೆ ಒಂದೇ ಹೊಟ್ಟೆಯಲ್ಲಿ ಎರಡೂ.

ಫೋನಿನಲ್ಲಿ ಹೇಳಿದೆ.
"ಮಣ್ಣಿಂದ್ಲೇ ಸತ್ತದ್ದಲ್ರಾ? ಹಾಗೇ ಬರೀರಿ ಅಮ್ಮಾ,
ಕೋರ್ಟಿಗೆ ಒಂದು ಕಾಗದ ಆಗ್ತದೆ."
ಅವರು ಕಾಯುವುದು ಮುಟ್ಟುಗೋಲಾದ ರಾಶಿ,
ಮೇಲೆ ಗಿಡಗಂಟಿ ಬೆಳೆದು ಈಗ ಗುಡ್ಡವೆಂದೇ ತೋರುವುದು.
ಬರೆಯಬಹುದಿತ್ತು. ಪೆನ್ನು ಕೈಯಲ್ಲೇ ಇತ್ತು.

ಧೂಳು ಇದೆ ಗೌಡರೇ, ಧೂಳು ಕೊಂದದ್ದಲ್ಲ.
ಹದಿಮೂರು ವರ್ಷದ ಹೃದಯ, ಕವಾಟ ಮುದುಡಿತ್ತು.
ಧೂಳನ್ನು ಅವು ಕೊನೆವರೆಗೂ ಹಿಡಿದೇ ಇದ್ದವು.

ಆಚೆ ತುಸು ಹೊತ್ತು ಬರೀ ಕೆಮ್ಮು.
"ನನ್ನೊಳಗೂ ಇರ್ತವಾ ಅವು?"
ಇರ್ತವೆ.
"ರಾತ್ರಿ ಪಾಳಿನೂ ಮಾಡ್ತವಾ?"
ಮಾಡ್ತವೆ.
"ನಂಗಂತೂ ಹೋದ ದೀಪಾವಳಿಯಿಂದ ಪಗಾರಿಲ್ಲ.
ಅವಕ್ಕೆ ಯಾರು ಕೊಡ್ತಾರ್ರಾ?"

ಭರಣಿ ವಾಪಸು ಬೇಕಂತೆ.
ಮೂರು ಸಲ ತೊಳೆದೆ, ವಾಸನೆ ಹೋಗಿಲ್ಲ.
ಇನ್ನು ಉಪ್ಪಿನಕಾಯಿಗೆ ಬಾರದು
ಅಂತ ಚೀಟಿ ಅಂಟಿಸಿ ಕಳಿಸಬೇಕು.